ರೋಟರಿಗೆ ಸೇರಿ ಅಂತ ಕರೆಯುತ್ತಿದ್ದಾರೆ, ಸೇರಲಾ ಬೇಡವಾ?

ತೆಂಗಿನಗರಿ:

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವಳು, ವಯಸ್ಸು 38, ಮೆಡಿಕಲ್ ಶಾಪ್ ಇದೆ. ಬಿ.ಫಾರ್ಮ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕಿದ್ದೆ, ಮಾವನವರಿಗೆ ಹುಷಾರಿಲ್ಲದೆ ಆದಮೇಲೆ ಊರಿಗೆ ಬಂದು ಅಂಗಡಿ ಹಾಕಿದೆವು. ಅಂಗಡಿಗೆ ದಿನಾ ಬರುವ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರೆ, ರೋಟರಿ ಅನ್ನೋ ಸೇವಾ ಕ್ಲಬ್ಬಿನಲ್ಲಿ ಹಳೆ ತಲೆ. "ನಿಮ್ಮಂಥವರು ಬೇಕಮ್ಮ, ನಾನೇ ಪ್ರಪೋಸ್ ಮಾಡ್ತೀನಿ" ಅಂತ ಒಂದೇ ಸಮ ಹಿಂದೆ ಬಿದ್ದಿದ್ದಾರೆ.

ಜುಲೈನಲ್ಲಿ ಅವರ ಪದಗ್ರಹಣ ಸಮಾರಂಭಕ್ಕೆ ಹೋಗಿದ್ದೆ. ಕಾರ್ಡಿನಲ್ಲಿ ಏಳು ಗಂಟೆ ಅಂತ ಇತ್ತು, ಶುರುವಾಗಿದ್ದು ಎಂಟೂಕಾಲಿಗೆ. ವೇದಿಕೆ ಮೇಲೆ ಉದ್ದಕ್ಕೂ ಕುರ್ಚಿ, ಪ್ರತಿ ಕುರ್ಚಿಗೂ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಹೊಸ ಅಧ್ಯಕ್ಷರ ಕೊರಳಿಗೆ ಪದಕದ ಸರ ಹಾಕುವಾಗ ಫೋಟೋದವನು "ಸಾರ್, ಇನ್ನೊಂದ್ಸಲ" ಅಂದ. ತೆಗೆದು ಮತ್ತೆ ಹಾಕಿದರು! ನನಗೆ ನಗು ತಡೆಯೋಕೆ ಆಗಲಿಲ್ಲ. ಆದರೆ ಅದೇ ಸಭೆಯಲ್ಲಿ ಇಬ್ಬರು ಹುಡುಗಿಯರಿಗೆ ಕಾಲೇಜು ಫೀಸಿನ ಚೆಕ್ ಕೊಟ್ಟರು. ಅದೂ ಸುಳ್ಳಲ್ಲ ಅಲ್ವಾ.

ನನಗೆ ಒಂದು ಕೆಲಸ ಮಾಡಬೇಕು ಅಂತ ಬಹಳ ದಿನದಿಂದ ಇದೆ. ಶುಗರ್, ಬಿಪಿ ಇರುವ ವಯಸ್ಸಾದವರು ಒಂದು ತಿಂಗಳಿಗೆ ಅಂತ ಬರೆದ ಚೀಟಿ ಹಿಡಿದು ಬಂದು "ಹತ್ತು ದಿನಕ್ಕೆ ಸಾಕು ಕೊಡವ್ವ" ಅನ್ನುತ್ತಾರೆ. ಸ್ಟ್ರಿಪ್ ಕತ್ತರಿಸಿ ಕೊಡುತ್ತೇನೆ. ಮಿಕ್ಕ ಇಪ್ಪತ್ತು ದಿನ ಮಾತ್ರೆ ಇಲ್ಲ. ಒಬ್ಬಳೇ ಎಷ್ಟು ಜನಕ್ಕೆ ಅಂತ ಸಾಲ ಕೊಡೋಕೆ ಆಗುತ್ತೆ? ಒಂದು ಸಂಘ ಜೊತೆಗಿದ್ದರೆ ಏನಾದರೂ ಆಗಬಹುದು ಅನ್ನೋ ಆಸೆ.

ಭಯ ಏನಂದರೆ, ವರ್ಷಕ್ಕೆ ಎಷ್ಟು ಖರ್ಚು ಬರುತ್ತೆ ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳುತ್ತಿಲ್ಲ, "ಅದೆಲ್ಲ ದೊಡ್ಡದಲ್ಲ ಬಿಡಿ" ಅಂತಾರೆ. ಅಂಗಡಿ ಮುಚ್ಚೋದೇ ರಾತ್ರಿ ಒಂಬತ್ತೂವರೆಗೆ. ಆ ಕ್ಲಬ್ಬಿನಲ್ಲಿ ಹೆಂಗಸರು ಬೆರಳೆಣಿಕೆ. ಲಯನ್ಸ್‌ನವರೂ ಒಂದು ಸಲ ಬಂದು ಹೋದರು, ನಮ್ಮ ಮೈದುನ ಯುವಕರ ಸಂಘ ಜೇಸಿ ಇದೆಯಲ್ಲ, ಅದಕ್ಕೆ ಸೇರು ಅತ್ತಿಗೆ ಅಂತಾನೆ. ಒಳಗೆ ಇದ್ದವರು, ಇದ್ದು ಹೊರಗೆ ಬಂದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ತುಂಗಾತೀರ:

ಮೇಡಂ, ನಾನು ಶಿವಮೊಗ್ಗದವನು, ರೋಟರಿಯಲ್ಲಿ ಇದ್ದೇನೆ, ಒಂದು ಸಲ ಖಜಾಂಚಿಯೂ ಆಗಿದ್ದೆ. ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಅದನ್ನೇ ಎಲ್ಲರೂ ಮುಚ್ಚಿಡೋದು.

ನೀವು ಕೊಡುವ ದುಡ್ಡು ಮೂರು ಕಡೆ ಹೋಗುತ್ತೆ. ಒಂದು ಪಾಲು ಅಮೆರಿಕದಲ್ಲಿರುವ ರೋಟರಿ ಇಂಟರ್‌ನ್ಯಾಷನಲ್‌ಗೆ, ಅದು ತಲೆಗೆ ಇಷ್ಟು ಅಂತ ವರ್ಷಕ್ಕೆ ಸುಮಾರು 80 ಡಾಲರ್, ಜುಲೈ ಮತ್ತು ಜನವರಿಯಲ್ಲಿ ಎರಡು ಕಂತು. ಡಾಲರ್ ಏರಿದ ಹಾಗೆ ಅದೂ ಏರುತ್ತೆ. ಇನ್ನೊಂದು ಪಾಲು ಡಿಸ್ಟ್ರಿಕ್ಟ್‌ಗೆ. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಸರ್ಕಾರಿ ಜಿಲ್ಲೆ ಅಲ್ಲ, ನಿಮ್ಮ ಹಾಸನ, ನಮ್ಮ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ ಸೇರಿ ರೋಟರಿಯ ಒಂದು ಡಿಸ್ಟ್ರಿಕ್ಟ್, ಅದರ ನಂಬರ್ 3182. ಉಳಿದದ್ದು ಕ್ಲಬ್ಬಿಗೆ, ಅದರಲ್ಲೇ ಹಾಲ್ ಬಾಡಿಗೆ, ಊಟ, ಬ್ಯಾನರ್. ನಮ್ಮಲ್ಲಿ ಎಲ್ಲಾ ಸೇರಿ ವರ್ಷಕ್ಕೆ 15 ಸಾವಿರದ ಆಸುಪಾಸು. ಬೆಂಗಳೂರಿನ ದೊಡ್ಡ ಕ್ಲಬ್ಬುಗಳ ಲೆಕ್ಕವೇ ಬೇರೆ.

ಇಷ್ಟಕ್ಕೇ ಮುಗಿದರೆ ಪರವಾಗಿಲ್ಲ. ಮುಗಿಯಲ್ಲ. ಯಾರದೋ ಮದುವೆ ವಾರ್ಷಿಕೋತ್ಸವಕ್ಕೆ ಸಿಹಿ, ರೋಟರಿ ಡಿಸ್ಟ್ರಿಕ್ಟಿನ ಗವರ್ನರ್ ಭೇಟಿ ದಿನ ಒಂದೇ ಬಣ್ಣದ ಬ್ಲೇಜರ್, ಡಿಸ್ಟ್ರಿಕ್ಟ್ ಕಾನ್ಫರೆನ್ಸ್‌ಗೆ ರಿಜಿಸ್ಟ್ರೇಷನ್, ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಹೋಗುತ್ತಿರುತ್ತೆ. ಇನ್ನು ಪಾಲ್ ಹ್ಯಾರಿಸ್ ಫೆಲೋ ಅಂತ ಒಂದಿದೆ, ರೋಟರಿ ಫೌಂಡೇಶನ್‌ಗೆ 1000 ಡಾಲರ್ ಕೊಟ್ಟವರಿಗೆ ಪಿನ್ನು, ಸರ್ಟಿಫಿಕೇಟು. ಕೊಡಲೇಬೇಕು ಅಂತ ರೂಲ್ಸ್ ಇಲ್ಲ. ಆದರೆ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೆಸರು ಕರೆದು ಕೇಳುವ ಕ್ಲಬ್ಬುಗಳಿವೆ, ಅಲ್ಲಿ ಇಲ್ಲ ಅನ್ನೋಕೆ ಗಟ್ಟಿ ಮುಖ ಬೇಕು. ಫೌಂಡೇಶನ್‌ಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗಬಹುದು, ಸದಸ್ಯತ್ವದ ಫೀಸಿಗೆ ಸಿಗಲ್ಲ. ಎರಡನ್ನೂ ಕಲಸಿ ಹೇಳುವವರಿದ್ದಾರೆ, ನೀವು ಬಿಡಿಸಿ ಕೇಳಿ.

ನನ್ನ ಸಲಹೆ ಒಂದೇ. ಆ ಮ್ಯಾನೇಜರ್ ಸಾಹೇಬರನ್ನು ಹೋದ ವರ್ಷದ ಲೆಕ್ಕಪತ್ರ ಕೇಳಿ. ಪ್ರತಿ ಮೀಟಿಂಗಿನಲ್ಲಿ ಎದ್ದು ನಿಂತು ಚತುರ್ವಿಧ ಪರೀಕ್ಷೆ ಅನ್ನೋ ನಾಲ್ಕು ಪ್ರಶ್ನೆ ಓದುತ್ತೇವೆ, ಅದರ ಮೊದಲ ಸಾಲೇ "ಇದು ಸತ್ಯವೇ?" ಅಂತ. ಅಷ್ಟು ಓದಿದ ಮೇಲೆ ಲೆಕ್ಕ ತೋರಿಸೋಕೆ ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ತೋರಿಸಿದರೆ, ಪದಗ್ರಹಣಕ್ಕೆ ಎಷ್ಟು, ಸೇವೆಗೆ ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಿ. ಇನ್ನು ಯಾರಿಗೂ ಗೊತ್ತಾಗದ ಹಾಗೆ ನೋಡಬೇಕಾದ್ದು: ಅವರು ಐದು ವರ್ಷದ ಹಿಂದೆ ಮಾಡಿದ ಕೆಲಸ ಈಗಲೂ ನಡೀತಾ ಇದೆಯಾ? ನಮ್ಮೂರಲ್ಲಿ ರೋಟರಿ ಚಿತಾಗಾರ ಅಂತ ಇದೆ, ಯಾವ ಆಟೋದವರನ್ನು ಕೇಳಿದರೂ ಕರೆದುಕೊಂಡು ಹೋಗುತ್ತಾರೆ. ಅದನ್ನು ಮಾಡಿದ ವರ್ಷದ ಅಧ್ಯಕ್ಷರು ಯಾರು ಅಂತ ಅವರಿಗೆ ಗೊತ್ತಿರಲ್ಲ, ಗೊತ್ತಿರಬೇಕಾಗೂ ಇಲ್ಲ.

ಸುಮ್ನೆ_ಹೇಳ್ದೆ:

ಮೇಲಿನವರು ಬಹಳ ಸಭ್ಯವಾಗಿ ಬರೆದಿದ್ದಾರೆ. ನಾನು ನೇರವಾಗಿ ಹೇಳುತ್ತೇನೆ, ಬೇಡ. ಒಂದು ಕ್ಲಬ್ಬಿನಲ್ಲಿ ಮೂರು ವರ್ಷ ಇದ್ದೆ, ಯಾವುದು ಅಂತ ಹೇಳಲ್ಲ. ಉಚಿತ ಕಣ್ಣಿನ ತಪಾಸಣೆ ಶಿಬಿರ ಮಾಡಿದೆವು. ಬೆಳಿಗ್ಗೆ ಬಸ್ಸಿಳಿದು ಬಂದ ಅಜ್ಜಿ ತಾತಂದಿರು ಶಾಮಿಯಾನದ ಕೆಳಗೆ ಕೂತಿದ್ದಾರೆ, ಗಣ್ಯರು ಬರೋದು ತಡ, ದೀಪ ಹಚ್ಚೋದು ತಡ, ಸ್ವಾಗತ, ಪ್ರಾಸ್ತಾವಿಕ, ನಾಲ್ಕು ಜನರ ಭಾಷಣ. ಡಾಕ್ಟರು ಟಾರ್ಚ್ ಕೈಗೆ ತಗೊಂಡಾಗ ಮಧ್ಯಾಹ್ನ. ಪೊರೆ ಇದೆ, ಆಪರೇಷನ್ ಆಗಬೇಕು ಅಂತ ಬರೆದ ಹೆಸರುಗಳ ಪಟ್ಟಿ ಸೆಕ್ರೆಟರಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡೀ ಮಳೆಗಾಲ ಬಿದ್ದಿತ್ತು. ಪೇಪರಿನಲ್ಲಿ ಮಾತ್ರ ಮರುದಿನವೇ ಬಂತು, ಕೆಲಸದ ಬಗ್ಗೆ ಎರಡು ಸಾಲು, "ಉಪಸ್ಥಿತರಿದ್ದರು" ಅನ್ನೋದಕ್ಕೆ ಮುಂಚೆ ಹನ್ನೆರಡು ಹೆಸರು, ಪ್ರತಿ ಹೆಸರಿನ ಹಿಂದೆ ಬಿರುದು.

ನಿಮ್ಮ ಹತ್ತಿರ ಅಂಗಡಿ ಇದೆ, ಓದು ಇದೆ. ಆ 15 ಸಾವಿರಕ್ಕೆ ಮೆಟ್‌ಫಾರ್ಮಿನ್ ಶುಗರ್ ಮಾತ್ರೆ ತಗೊಂಡು ಸುಮ್ನೆ ಕೊಡಿ. ಎಷ್ಟು ಜನಕ್ಕೆ ಎಷ್ಟು ತಿಂಗಳು ಬರುತ್ತೆ ನೀವೇ ಲೆಕ್ಕ ಹಾಕಿ.

ಮೇಷ್ಟ್ರು_ನಿವೃತ್ತ:

ಸುಮ್ನೆ_ಹೇಳ್ದೆ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಶಿಬಿರ ಮಾಡಿ ಪಟ್ಟಿ ಮರೆಯೋದು ಮಾಡದೇ ಇರೋದಕ್ಕಿಂತ ಕೆಟ್ಟದ್ದು, ಯಾಕಂದರೆ ಆ ಅಜ್ಜಿ "ನನ್ನ ಹೆಸರು ಬರಕೊಂಡು ಹೋಗವ್ರೆ" ಅಂತ ಕಾಯ್ತಾ ಕೂರುತ್ತಾಳೆ, ಬೇರೆ ಕಡೆ ಹೋಗೋದೇ ಇಲ್ಲ.

ಆದರೆ ಕಣ್ಣಿನ ಶಿಬಿರ ಅಂದರೆ ಬರೀ ಫೋಟೋ ಅನ್ನೋದನ್ನು ನಾನು ಒಪ್ಪಲ್ಲ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಬಂದು ಸಾಮೂಹಿಕವಾಗಿ ಪೊರೆ ತೆಗೆಯುತ್ತಿದ್ದ ಕಾಲ ನೋಡಿದವನು ನಾನು. ಡಾಕ್ಟರು ಒಂದು ದಿನ ಬಂದು ಹೋಗುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಶಾಲೆ ಕೋಣೆಯಲ್ಲಿ ಮಲಗಿಸಿ, ಕೈ ಹಿಡಿದು ಬಯಲಿಗೆ ಕರೆದುಕೊಂಡು ಹೋಗಿ, ಗಂಜಿ ಕುಡಿಸಿದವರು ಊರಿನ ಸಂಘದವರೇ. ಲಯನ್ಸ್‌ನವರಿಗೆ ಕಣ್ಣಿನ ಕೆಲಸ ಅಂಟಿಕೊಂಡದ್ದಕ್ಕೂ ಕಾರಣ ಇದೆ, 1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮ್ಮೇಳನಕ್ಕೇ ಹೋಗಿ ಕುರುಡರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಬೆಂಗಳೂರಿನ ಜೆ.ಸಿ. ರಸ್ತೆಯ ಲಯನ್ಸ್ ಕಣ್ಣಾಸ್ಪತ್ರೆ ಹೋಗಿ ನೋಡಿ ಬನ್ನಿ ಒಂದು ಸಲ.

ಪೋಲಿಯೋ ಇನ್ನೊಂದು. ರೋಟರಿ 1985ರಲ್ಲಿ ಪೋಲಿಯೋ ಪ್ಲಸ್ ಅಂತ ಶುರು ಮಾಡಿತು. ನಮ್ಮಲ್ಲಿ ಪಲ್ಸ್ ಪೋಲಿಯೋ 1995ರಿಂದ. ಬಸ್ ಸ್ಟ್ಯಾಂಡಿನ ಬೂತಿನಲ್ಲಿ ನಾನೂ ಕೂತಿದ್ದೇನೆ. ಮಗುವಿನ ಎಡಗೈ ಕಿರುಬೆರಳಿಗೆ ಮಾರ್ಕರ್ ಹಚ್ಚೋದು ನನ್ನ ಕೆಲಸ, ಮಗು ಬೆರಳು ಬಾಯಿಗೆ ಹಾಕಿಕೊಳ್ಳದ ಹಾಗೆ ಒಣಗುವ ತನಕ ಹಿಡಿದುಕೊಂಡಿರಬೇಕು. ಮನೆ ಮನೆ ಸುತ್ತಿದವರು ಅಂಗನವಾಡಿ, ಆಶಾ ಹೆಣ್ಣುಮಕ್ಕಳು. ಅದನ್ನು ರೋಟರಿಯವರೇ ಮಾಡಿದರು ಅಂದರೆ ತಪ್ಪು. ನಮ್ಮ ಕಡೆ ರೋಟರಿಯವರು ಜೀಪು ಕೊಟ್ಟರು, ಬ್ಯಾನರ್ ಕಟ್ಟಿಸಿದರು, ಬೂತಿನವರಿಗೆ ಚಿತ್ರಾನ್ನ ಕಳಿಸಿದರು, ಜಗತ್ತಿನಾದ್ಯಂತ ದುಡ್ಡು ಎತ್ತಿದರು. ಅದಕ್ಕೂ ಬೆಲೆ ಇದೆ. ದೇಶದ ಕೊನೆಯ ಪ್ರಕರಣ ಹೌರಾದಲ್ಲಿ 2011ರ ಜನವರಿ 13ರಂದು. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಬಂತು.

ತಂಗಿ, 15 ಸಾವಿರದ ಮಾತ್ರೆ ಹಂಚಿದರೆ ಅದು ತೀರಿದ ದಿನ ನಿಲ್ಲುತ್ತೆ. ನಾಲ್ಕು ಜನ ಸೇರಿದರೆ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಪುಕ್ಕಟೆ ಸಿಗುವ ಅದೇ ಮಾತ್ರೆ ಆ ಮುದುಕರಿಗೆ ಯಾಕೆ ಸಿಗುತ್ತಿಲ್ಲ ಅಂತ ಹೋಗಿ ಕೇಳಬಹುದು. ಒಬ್ಬಳು ಕೇಳಿದರೆ "ನಾಳೆ ಬನ್ನಿ" ಅಂತಾರೆ. ಸಂಘದ ಲೆಟರ್‌ಹೆಡ್ ಹಿಡಿದು ಐದು ಜನ ಹೋದರೆ ಕುರ್ಚಿ ಹಾಕುತ್ತಾರೆ. ನಮ್ಮ ದೇಶ ಹೀಗೆ, ಏನು ಮಾಡೋದು.

ಬೆಣ್ಣೆದೋಸೆ_ಅಕ್ಕ:

ಹೆಂಗಸರ ವಿಷಯ ಯಾರೂ ಎತ್ತಲೇ ಇಲ್ಲ ನೋಡಿ, ಎಲ್ಲಾ ಗಂಡಸರೇ ಬರೆದಿದ್ದಾರೆ ಅನ್ನಿಸುತ್ತೆ 🙂

ನಾನು ದಾವಣಗೆರೆ, ರೋಟರಿಯಲ್ಲೇ ಇದ್ದೇನೆ, ಇನ್ನರ್ ವೀಲ್‌ನಲ್ಲಿ ಅಲ್ಲ. ಅವೆರಡೂ ಬೇರೆ ಬೇರೆ. ಇನ್ನರ್ ವೀಲ್ 1924ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರೊಟೇರಿಯನ್‌ಗಳ ಮನೆಯ ಹೆಂಗಸರು ಕಟ್ಟಿಕೊಂಡದ್ದು. ಈಗ ಕ್ಲಬ್ಬಿನವರು ಕರೆದರೆ ಬೇರೆಯವರೂ ಸೇರಬಹುದು. ಚೆನ್ನಾಗಿಯೂ ಕೆಲಸ ಮಾಡುತ್ತಾರೆ, ಮೀಟಿಂಗ್ ಮಧ್ಯಾಹ್ನ ಇರುತ್ತೆ, ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವ ತಾಪತ್ರಯ ಇಲ್ಲ. ಆದರೆ ನಿಮ್ಮನ್ನು ಒಬ್ಬ ಫಾರ್ಮಸಿಸ್ಟ್ ಅಂತ ಕರೆದಿರೋದು ರೋಟರಿಗೆ, ಯಾರದೋ ಮನೆಯವರು ಅಂತ ಅಲ್ಲ. ಅದು ಸಣ್ಣ ವ್ಯತ್ಯಾಸ ಅಲ್ಲ.

ರೋಟರಿಗೆ ಹೆಂಗಸರನ್ನು ಸೇರಿಸಿಕೊಳ್ಳಲು ಎಷ್ಟು ಕಾಲ ಬೇಕಾಯ್ತು ಗೊತ್ತಾ? ಶುರುವಾಗಿದ್ದು 1905ರಲ್ಲಿ. ಕ್ಯಾಲಿಫೋರ್ನಿಯಾದ ಡುವಾರ್ಟೆ ಅನ್ನೋ ಸಣ್ಣ ಊರಿನ ಕ್ಲಬ್ಬು ಮೂರು ಜನ ಹೆಂಗಸರನ್ನು ಸೇರಿಸಿಕೊಂಡಿತು ಅಂತ 1978ರಲ್ಲಿ ಆ ಕ್ಲಬ್ಬನ್ನೇ ಕಿತ್ತುಹಾಕಿದರು. ಅವರು ಬಿಡಲಿಲ್ಲ, ಕೋರ್ಟಿಗೆ ಹೋದರು, 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, 1989ರಲ್ಲಿ ಇಡೀ ರೋಟರಿಯ ನಿಯಮ ಬದಲಾಯಿತು. ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆ ಬಂದದ್ದು 2022ರಲ್ಲಿ, ಕೆನಡಾದ ಜೆನಿಫರ್ ಜೋನ್ಸ್. ಅಂದರೆ 117 ವರ್ಷ!

ಈಗ ನಿಯಮ ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ. ಸೇರಿದ ಹೊಸದರಲ್ಲಿ ನನಗೆ ಕೊಟ್ಟ ಕೆಲಸ ಪ್ರಾರ್ಥನೆ ಹಾಡೋದು, ಗಣ್ಯರಿಗೆ ಹೂಗುಚ್ಛ ಕೊಡೋದು, ಟ್ರೇ ಹಿಡಿಯೋದು. "ಅಕ್ಕ, ನಿರೂಪಣೆ ನೀವೇ ಮಾಡಿ, ನಿಮ್ಮ ಕನ್ನಡ ಚೆಂದ" ಅಂತ ಹೊಗಳಿ ಹೊಗಳಿ ಮೈಕ್ ಮುಂದೆ ನಿಲ್ಲಿಸಿಬಿಟ್ಟರು. ಮೈಕ್ ಮುಂದೆ ನಿಂತವರಿಗೆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ತಿಳಿಯಲ್ಲ. ಮುಂದಿನ ವರ್ಷ ನಾನು ಖಜಾಂಚಿ ಕೆಲಸ ಕೇಳಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಕೊಟ್ಟರು. ಅಲ್ಲಿಂದ ಆಚೆಗೆ ಮಾತಿನ ಧಾಟಿಯೇ ಬೇರೆ ಆಯಿತು.

ಇನ್ನೊಂದು, ಮೀಟಿಂಗ್ ಕಾರ್ಡಿನಲ್ಲಿ ಫೆಲೋಶಿಪ್ ಅಂತ ಬರೆದಿದ್ದರೆ ಕೆಲವು ಕಡೆ ಬರೀ ಊಟ, ಕೆಲವು ಕಡೆ ಗ್ಲಾಸೂ ಇರುತ್ತೆ. ನಿಮ್ಮ ಊರಲ್ಲಿ ಯಾವುದು ಅಂತ ಮೊದಲೇ ವಿಚಾರಿಸಿ. ಮೀಟಿಂಗ್ ಮುಗಿದ ತಕ್ಷಣ ಎದ್ದು ಬಂದರೆ ಯಾರೂ ಏನೂ ಅನ್ನಲ್ಲ, ನಾನು ಹಾಗೇ ಮಾಡೋದು. ಹಾಜರಾತಿ ಈಗ ಮೊದಲಿನಷ್ಟು ಬಿಗಿ ಇಲ್ಲ. ಅಂಗಡಿ ಮುಚ್ಚೋ ಹೊತ್ತಿಗೆ ಹೊಂದಲ್ಲ ಅಂದರೆ ಬೆಳಗಿನ ಮೀಟಿಂಗ್ ಮಾಡಿ ಅಂತ ಕೇಳಿ ನೋಡಿ. ಕೇಳಿದರೆ ಏನು ಹೋಗುತ್ತೆ.

ಕರಾವಳಿ_ಜೇಸಿ:

ಅಕ್ಕಾ, ಜೇಸಿ ಬಗ್ಗೆ ಚಿಕ್ಕದಾಗಿ. 18ರಿಂದ 40 ವಯಸ್ಸಿನವರಿಗೆ ಮಾತ್ರ, ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. ನಿಮಗೆ 38, ಸೇರಿ ಎಲ್ಲಾ ಅರ್ಥ ಆಗುವಷ್ಟರಲ್ಲಿ ಬೀಳ್ಕೊಡುಗೆ. ಖರ್ಚು ಕಮ್ಮಿ, ಹುಡುಗರು ಜಾಸ್ತಿ, ಗಲಾಟೆ ಜಾಸ್ತಿ. ನಮ್ಮ ಪುತ್ತೂರು, ಕಾರ್ಕಳ ಕಡೆ ಜೇಸಿ ಬಹಳ ಬಲವಾಗಿದೆ, ಸೆಪ್ಟೆಂಬರಿನ ಜೇಸಿ ಸಪ್ತಾಹಕ್ಕೆ ಊರಿಗೆ ಊರೇ ಬರುತ್ತೆ. ಮುಖ್ಯ ಲಾಭ ತರಬೇತಿ. ಮೈಕ್ ಕಂಡರೆ ಓಡುತ್ತಿದ್ದ ನಾನು ಈಗ ಬೇರೆಯವರಿಗೆ ಭಾಷಣ ಕಲಿಸುತ್ತೇನೆ. ಆದರೆ ನಿಮ್ಮ ಉದ್ದೇಶ ಔಷಧಿ, ಮುದುಕರು ಅಂದರೆ ಅದಕ್ಕೆ ವರ್ಷಗಟ್ಟಲೆ ಕೂತು ಮಾಡುವ ಜನ ಬೇಕು. ಅದು ರೋಟರಿ, ಲಯನ್ಸ್‌ನಲ್ಲೇ ಸಿಗಬಹುದು. ಮೈದುನನನ್ನು ಮಾತ್ರ ಜೇಸಿಗೆ ಕಳಿಸಿ 😄

ತೆಂಗಿನಗರಿ:

ಇಷ್ಟು ಜನ ಇಷ್ಟು ಬಿಡಿಸಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಲೆಕ್ಕಪತ್ರ ಕೇಳಿದೆ. ಮ್ಯಾನೇಜರ್ ಸಾರ್ ಒಂದು ಕ್ಷಣ ಕನ್ನಡಕದ ಮೇಲಿಂದ ನೋಡಿದರು, ಮಾತಾಡದೆ ಹೋದರು. ಕೋಪ ಬಂತೇನೋ ಅಂದುಕೊಂಡೆ. ಮಾರನೇ ದಿನ ಫೈಲ್ ತಂದು ಕೌಂಟರ್ ಮೇಲೆ ಇಟ್ಟು ಬಿಪಿ ಮಾತ್ರೆ ತಗೊಂಡು ಹೋದರು. ಪದಗ್ರಹಣದ ಖರ್ಚು ನೋಡಿ ಬೇಜಾರಾಯಿತು, ನಿಜ ಹೇಳಬೇಕು ಅಂದರೆ. ಫೀಸಿನ ಚೆಕ್ ಮಾತ್ರ ಸತತವಾಗಿ ಹೋಗಿದೆ, ಅದೇ ಹುಡುಗಿಯರಿಗೆ ಕೋರ್ಸ್ ಮುಗಿಯುವ ತನಕ. ಒಬ್ಬಳು ಈಗ ನರ್ಸ್ ಅಂತೆ.

ಸದಸ್ಯತ್ವದ ಪಿನ್ ಸದ್ಯಕ್ಕೆ ಬೇಡ, ಅತಿಥಿಯಾಗಿ ಒಂದು ಕೆಲಸ ಮಾಡಿ ನೋಡುತ್ತೇನೆ ಅಂದೆ. ಒಪ್ಪಿದರು. ಮುಂದಿನ ತಿಂಗಳು ಎಪಿಎಂಸಿ ಯಾರ್ಡಿನಲ್ಲಿ ಶುಗರ್, ಬಿಪಿ ತಪಾಸಣೆ ಇಟ್ಟುಕೊಳ್ಳೋಣ ಅಂತ ಮಾತಾಗಿದೆ, ಕೊಬ್ಬರಿ ತರುವ ರೈತರು, ಹಮಾಲಿಗಳು ಎಲ್ಲಾ ಅಲ್ಲೇ ಇರುತ್ತಾರೆ. ಶುಗರ್ ನೋಡುವ ಸ್ಟ್ರಿಪ್ಪು, ಬೆರಳು ಚುಚ್ಚುವ ಲ್ಯಾನ್ಸೆಟ್ಟು ನಾನೇ ಹೋಲ್‌ಸೇಲ್‌ನಲ್ಲಿ ತರಿಸುತ್ತೇನೆ. ಪಟ್ಟಿ ಡ್ಯಾಶ್‌ಬೋರ್ಡ್ ಮೇಲೆ ಉಳಿಯದ ಹಾಗೆ ಮಾಡೋದು ಹೇಗೆ, ಶಿಬಿರ ಮಾಡಿ ಅನುಭವ ಇರುವವರು ಹೇಳಿ.

ಸುಮ್ನೆ_ಹೇಳ್ದೆ:

ಒಳ್ಳೇದಾಗಲಿ. ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಲೆಕ್ಕ ತಂದು ಕೊಟ್ಟಿದ್ದು ಕೇಳಿ ಆಶ್ಚರ್ಯ ಆಯ್ತು, ನಮ್ಮಲ್ಲಿ ಕೇಳಿದ್ದರೆ ವಾಟ್ಸಾಪ್ ಗ್ರೂಪಿನಿಂದ ತೆಗೆದಿರೋರು.

ಲ್ಯಾಬ್_ಟೆಕ್ನಿಷಿಯನ್:

ಮೇಡಂ, ಇಂಥ ಶಿಬಿರಗಳಿಗೆ ಎಷ್ಟೋ ಸಲ ಹೋಗಿದ್ದೇನೆ. ನಿಮಗೆ ಗೊತ್ತಿರೋದೇ, ಆದರೂ ಹೇಳುತ್ತೇನೆ, ಲ್ಯಾನ್ಸೆಟ್ ಒಬ್ಬರಿಗೆ ಒಂದೇ. ಅವಸರದಲ್ಲಿ ಪೆನ್ ಮಾದರಿಯದ್ದನ್ನು ಹಾಗೇ ಮುಂದಿನವರ ಬೆರಳಿಗೆ ಒತ್ತುವ ಸ್ವಯಂಸೇವಕರು ಇರುತ್ತಾರೆ, ಒಂದು ಸಲ ಚುಚ್ಚಿದರೆ ಲಾಕ್ ಆಗುವಂಥದ್ದೇ ತರಿಸಿ. ಬಳಸಿದ್ದನ್ನು ಕಸದ ಚೀಲಕ್ಕೆ ಹಾಕಬಾರದು, ಚುಚ್ಚಿದರೆ ತೂತಾಗದ ಬಿಳಿ ಡಬ್ಬಿ ಬೇಕು, ತಾಲೂಕು ಆಸ್ಪತ್ರೆಗೆ ಮೊದಲೇ ಹೇಳಿಟ್ಟು ಅವರ ತ್ಯಾಜ್ಯದ ಜೊತೆ ಕಳಿಸಿ.

ಪಟ್ಟಿಗೆ ಎರಡು ಪುಸ್ತಕ ಇಡಿ. ಒಂದರಲ್ಲಿ ಎಲ್ಲರದ್ದೂ. ಇನ್ನೊಂದರಲ್ಲಿ ಖಾಲಿ ಹೊಟ್ಟೆಯಲ್ಲಿ ಶುಗರ್ 126 ದಾಟಿದವರು, ತಿಂದು ಬಂದವರಲ್ಲಿ 200 ದಾಟಿದವರು ಮಾತ್ರ. ಆ ಎರಡನೇ ಪುಸ್ತಕ ನಿಮ್ಮ ಅಂಗಡಿಯಲ್ಲೇ ಇರಲಿ, ಯಾವ ಸೆಕ್ರೆಟರಿಗೂ ಕೊಡಬೇಡಿ. ಅವರದ್ದೇ ಫೋನ್ ನಂಬರ್ ಸಾಲದು, ಮನೆಯಲ್ಲಿ ಮೊಬೈಲ್ ಎತ್ತುವ ಮಗನದ್ದೋ ಸೊಸೆಯದ್ದೋ ಬರೆದುಕೊಳ್ಳಿ. ಬೆರಳಿನ ಟೆಸ್ಟ್ ನೋಡಿ ಕಾಯಿಲೆ ಇದೆ ಅಂತ ಹೇಳಬೇಡಿ, ಲ್ಯಾಬಿನಲ್ಲಿ ಇನ್ನೊಂದು ಸಲ ಆಗಬೇಕು, ಅದಕ್ಕೆ ಚೀಟಿ ಬರೆದು ಯಾವ ದಿನ ಯಾವ ರೂಮಿಗೆ ಹೋಗಬೇಕು ಅಂತ ಬಾಯಲ್ಲೂ ಹೇಳಿ.

ಮತ್ತೆ ಟೈಮು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಸಾರಿದ ಮೇಲೆ ಬೆಳಿಗ್ಗೆ 7ಕ್ಕೇ ಚುಚ್ಚೋಕೆ ಶುರು ಮಾಡಿ, ಪಕ್ಕದಲ್ಲೇ ಇಡ್ಲಿ ಇರಲಿ. ಎಷ್ಟೋ ಜನ ಬೆಳಿಗ್ಗೆ ಶುಗರ್ ಮಾತ್ರೆ ನುಂಗಿಕೊಂಡೇ ಬಂದಿರುತ್ತಾರೆ, ಗಣ್ಯರು ಬರಲಿ ಅಂತ ಕಾಯಿಸಿದರೆ ತಲೆ ಸುತ್ತಿ ಬೀಳುತ್ತಾರೆ. ಉದ್ಘಾಟನೆ ಹತ್ತು ಗಂಟೆಗೆ ಇಟ್ಟುಕೊಳ್ಳಲಿ, ಅಷ್ಟೊತ್ತಿಗೆ ನಿಮ್ಮ ಕೆಲಸ ಮುಕ್ಕಾಲು ಮುಗಿದಿರುತ್ತೆ.